ಚಕ್ಕಡಿ ಬಿಡುವ ಎಡೆ

ಗಾಡಿ ಓಡಿದ ಕತೆಯನ್ನು ಬರೆದವರು ಬಹಳ ಮಂದಿ. ಗಾಡಿ ನಿಂತ ಕತೆಯನ್ನು ಬರೆದವರು ಕಡಿಮೆ. ನಮ್ಮ ಕವಿಗಳು ರಥಗಳ ವೇಗವನ್ನು ಮನದಣಿಯೆ ಬಣ್ಣಿಸಿದ್ದಾರೆ. ಕುದುರೆಗಳ ಗೊರಸಿನಿಂದೆದ್ದ ಧೂಳನ್ನು ಸೂರ್ಯಮಂಡಲದವರೆಗೂ ಏರಿಸಿದ್ದಾರೆ. ಆದರೆ ಯುದ್ಧ ನಿಂತ ಸಂಜೆ ಅಷ್ಟೊಂದು ರಥಗಳು ಎಲ್ಲಿ ತಂಗಿದವು, ಯಾರ ರಥಕ್ಕೆ ಯಾರ ರಥ ಅಡ್ಡವಾಯಿತು, ಬೆಳಗಾಗ ಹಿಂದಿನ ರಥ ಮುಂದೆ ಬರಲಿಕ್ಕೆ ಯಾರು ಯಾರನ್ನು ಎಬ್ಬಿಸಬೇಕಾಯಿತು ಎಂಬ ವಿಚಾರಕ್ಕೆ ಅವರು ಕೈಹಾಕಲಿಲ್ಲ. ಓಟದಲ್ಲಿ ವೀರರಸವಿದೆ, ನಿಲುಗಡೆಯಲ್ಲಿ ಇರುವುದು ಬರಿಯ ವ್ಯವಹಾರ. ಕಾವ್ಯಕ್ಕೆ ಬೇಡವಾದ ಆ ವ್ಯವಹಾರವು ಇಂದು ನಮ್ಮ ವಿದ್ಯಾಪೀಠಗಳ ಬಾಗಿಲಲ್ಲಿ ಬಂದು ನಿಂತಿದೆ. ಪಾಠ ಎಲ್ಲಿ ಹೇಳಬೇಕು ಎಂಬುದಕ್ಕಿಂತ ಕಾರು ಎಲ್ಲಿ ನಿಲ್ಲಿಸಬೇಕು ಎಂಬುದೇ ಅನೇಕ ಆವರಣಗಳಲ್ಲಿ ದೊಡ್ಡ ಪ್ರಶ್ನೆಯಾಗಿದೆ.

‘ಪಾರ್ಕಿಂಗ್’ ಎಂಬ ಮಾತು ಈಗ ಹಳ್ಳಿಯ ಬಾಯಿಗೂ ಹತ್ತಿದೆ. ಆದರೆ ಆ ಕೆಲಸಕ್ಕೆ ನಮ್ಮ ಭಾಷೆಯಲ್ಲಿ ಮಾತಿಲ್ಲದೆ ಇರಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯ ಒಕ್ಕಲಿಗನು ಚಕ್ಕಡಿಯನ್ನು ‘ನಿಲ್ಲಿಸು’ವುದಿಲ್ಲ, ‘ಬಿಡು’ತ್ತಾನೆ. ‘ಚಕ್ಕಡಿ ಎಲ್ಲಿ ಬಿಟ್ಟೀರಿ?’ ಎಂದು ಕೇಳುವುದು ಇಲ್ಲಿಯ ರೂಢಿ. ನೊಗದಿಂದ ಎತ್ತುಗಳನ್ನು ಬಿಡುವುದು, ದಾರಿಯ ಆಯಾಸವನ್ನು ಬಿಡುವುದು, ಎರಡೂ ಆ ಒಂದು ಕ್ರಿಯಾಪದದಲ್ಲಿ ಅಡಗಿವೆ. ಇದೇ ‘ಬಿಡು’ ಧಾತುವಿನಿಂದ ‘ಬೀಡು’ ಹುಟ್ಟಿತು. ದಂಡು ಬಿಟ್ಟ ಜಾಗ ಬೀಡು. ಅರಸನು ನೆಲೆಯಾಗಿ ನಿಂತ ಜಾಗ ನೆಲೆವೀಡು. ಚಾಲುಕ್ಯರ ಶಾಸನಗಳನ್ನು ಓದಿದವರಿಗೆ ಕಲ್ಯಾಣದ ನೆಲೆವೀಡು ಚೆನ್ನಾಗಿ ಗೊತ್ತು. ಸುಗಂಧವರ್ತಿಯಿಂದ, ಎಂದರೆ ಇಂದಿನ ಸವದತ್ತಿಯಿಂದ, ಆಳಿದ ರಟ್ಟರು ಮುಂದೆ ವೇಣುಗ್ರಾಮವಾದ ಬೆಳಗಾವಿಗೆ ತಮ್ಮ ಬೀಡನ್ನು ಸಾಗಿಸಿದರು. ರಾಜಧಾನಿ ಎಂಬ ಘನವಾದ ಕಲ್ಪನೆಯ ಬುಡದಲ್ಲಿಯೂ ಗಾಡಿ ಬಿಟ್ಟು ಎತ್ತಿಗೆ ನೀರು ಕುಡಿಸುವ ಸಾದಾ ಕೆಲಸವಿದೆ. ಎಲ್ಲಿ ಬಿಡಬೇಕೆಂದು ತಿಳಿದವನೇ ಅಲ್ಲಿ ಬೀಡು ಕಟ್ಟಬಲ್ಲ.

ಈ ಬಿಡುವ ವಿದ್ಯೆಯ ದೊಡ್ಡ ಪಾಠಶಾಲೆ ನಮ್ಮ ಕಡೆಯಲ್ಲಿ ಒಂದಿದೆ. ಅದು ಸವದತ್ತಿಯ ಹತ್ತಿರದ ಎಲ್ಲಮ್ಮನ ಗುಡ್ಡ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಜಾತ್ರೆಗೆ ಬೆಳಗಾವಿ, ಧಾರವಾಡ, ವಿಜಾಪುರಗಳಿಂದಲೂ ಅತ್ತ ಕೊಲ್ಲಾಪುರ, ಸಾಂಗಲಿಗಳಿಂದಲೂ ಜನ ಬರುತ್ತಾರೆ. ಈಗ ಬಸ್ಸು, ಜೀಪು, ಟ್ರ್ಯಾಕ್ಟರುಗಳದೇ ಸಾಮ್ರಾಜ್ಯವಾದರೂ ನನ್ನ ಬಾಲ್ಯದಲ್ಲಿ ಕೊಲ್ಲಾರಿ ಕಟ್ಟಿದ ಚಕ್ಕಡಿಗಳ ಸಾಲು ಇನ್ನೂ ಉದ್ದವಾಗಿಯೇ ಇತ್ತು. ಗುಡ್ಡದ ಸುತ್ತಲಿನ ಬಯಲು ಒಂದೆರಡು ದಿನಗಳ ಮಟ್ಟಿಗೆ ಊರಾಗುತ್ತಿತ್ತು. ಚಕ್ಕಡಿ ಬಿಟ್ಟ ಜಾಗವೇ ಮನೆ. ಅದರ ನೆರಳೇ ಪಡಸಾಲೆ. ಅದರ ಮುಂದೆ ಮೂರು ಕಲ್ಲು ಹೂಡಿದರೆ ಅಡಿಗೆಯ ಮನೆ. ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ ಮಾಡಿ ಪಡ್ಡಲಗಿ ತುಂಬಿಸುವುದೂ ಅಲ್ಲಿಯೇ. ಹೀಗಿರುವಾಗ ಜಾಗದ ಪ್ರಶ್ನೆ ಸಣ್ಣದಲ್ಲ. ಆದರೂ ಅಲ್ಲಿ ಹಲಗೆಗಳಿರಲಿಲ್ಲ, ಸುಣ್ಣದ ಗೆರೆಗಳಿರಲಿಲ್ಲ, ಸೀಟಿ ಊದುವವರು ಗುಡಿಯ ಹತ್ತಿರ ಇದ್ದಿರಬಹುದು, ಬಯಲಿನಲ್ಲಿ ಇರಲಿಲ್ಲ.

ಕಟ್ಟಳೆ ಇತ್ತು. ಅದು ಬಾಯಿಯಲ್ಲಿತ್ತು. ನಮ್ಮ ಸಾಲಿನ ಹಿರಿಯರೊಬ್ಬರು ಹೊಸದಾಗಿ ಬಂದ ಗಾಡಿಯವನಿಗೆ, ‘ಏ ತಮ್ಮಾ, ಮೂಕಿ ದಾರೀಗೆ ಬರಬಾರದು ನೋಡು, ಕತ್ತಲದಾಗ ಮಂದಿ ಎಡವಿ ಬೀಳ್ತಾರ’ ಎಂದು ಹೇಳಿದ್ದು ನನಗೆ ನೆನಪಿದೆ. ಇನ್ನೊಬ್ಬರನ್ನು, ‘ನೀವು ಹ್ವಾದ ವರ್ಷ ಆ ಬೇವಿನ ಗಿಡದ ಕಡೆ ಬಿಟ್ಟಿದ್ರಿ ಅಲ್ಲೇನ್ರಿ? ಅಲ್ಲೇ ಬಿಡ್ರಿ’ ಎಂದು ಅವರೇ ಕಳಿಸಿಕೊಟ್ಟರು. ಬಾಣಂತಿಯೋ ಮುದುಕರೋ ಇದ್ದ ಗಾಡಿಗೆ ನೀರಿನ ಸಮೀಪದ ಜಾಗ. ಎತ್ತಿನ ಮುಖಕ್ಕೆ ಎತ್ತಿನ ಮುಖ ಬರಬಾರದು, ಹಾಯುತ್ತವೆ. ಒಲೆಯ ಗಾಳಿ ಕಣಿಕೆಯ ಕಡೆಗೆ ಬೀಸಬಾರದು, ಬೆಂಕಿಯಾಗುತ್ತದೆ. ಎರಡು ಸಾಲುಗಳ ನಡುವೆ ಒಂದು ಚಕ್ಕಡಿ ಸರಾಗ ಹೋಗುವಷ್ಟು ಹಾದಿ ಬಿಡಲೇಬೇಕು, ಏಕೆಂದರೆ ನಡುರಾತ್ರಿ ಯಾರಿಗಾದರೂ ಮೈ ಕೆಟ್ಟರೆ ಗಾಡಿ ಹೊರಗೆ ಹೋಗಬೇಕು. ಈ ಐದಾರು ಮಾತುಗಳಲ್ಲಿ ವಾಹನ ನಿಲುಗಡೆಯ ಶಾಸ್ತ್ರವೆಲ್ಲ ಬಂತು: ನಡೆಯುವವನ ದಾರಿ, ಅಶಕ್ತರ ಮುಂಗಡೆ, ಬೆಂಕಿಯ ಭಯ, ಆಪತ್ತಿನ ಹಾದಿ. ಗೌಡರ ಗಾಡಿಗೆ ಗುಡಿಯ ಬಾಗಿಲಿನವರೆಗೆ ಹೋಗುವ ಆಸೆ ಇರುತ್ತಿರಲಿಲ್ಲವೆಂದಲ್ಲ. ಆದರೆ ಎಲ್ಲಮ್ಮನ ಮೆಟ್ಟಿಲನ್ನು ಗೌಡರೂ ಕಾಲಿನಿಂದಲೇ ಏರಬೇಕಾಗಿತ್ತು.

ನಿಲ್ಲುವ ಗಾಡಿಗೆ ನಾವು ಕೊಟ್ಟ ಇನ್ನೊಂದು ಮರ್ಯಾದೆ ತೇರಿನದು. ತೇರು ವರ್ಷಕ್ಕೊಂದು ದಿನ ಎಳೆಯಲ್ಪಡುತ್ತದೆ. ಉಳಿದ ದಿನವೆಲ್ಲ ನಿಂತಿರುತ್ತದೆ. ಆ ನಿಂತ ತೇರಿಗೆ ಊರು ಒಂದು ಮೂಲೆಯಲ್ಲಿ ಜಾಗ ಕೊಟ್ಟು, ತಗಡೋ ಗರಿಯೋ ಹೊದಿಸಿ, ಓಡುವ ಒಂದು ದಿನಕ್ಕಾಗಿ ಪಾದಗಟ್ಟೆಯವರೆಗಿನ ಬೀದಿಯನ್ನು ಅಗಲವಾಗಿ ಇಟ್ಟುಕೊಂಡಿತು. ತೇರು ದೇವರದಾದರೂ ನಡುಬೀದಿಯಲ್ಲಿ ನಿಲ್ಲುವ ಹಕ್ಕು ಅದಕ್ಕಿಲ್ಲ. ದೇವರಿಗೆ ಇಲ್ಲದ ಹಕ್ಕನ್ನು ಇಂದು ನಾವು ನಾಲ್ಕು ಗಾಲಿಯ ಒಡೆಯರೆಲ್ಲ ಕೇಳುತ್ತಿದ್ದೇವೆ.

ಶಾಸ್ತ್ರಗ್ರಂಥಗಳು ಈ ವಿಷಯದಲ್ಲಿ ಕಾವ್ಯಗಳಷ್ಟು ಮೌನವಾಗಿಲ್ಲ. ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ತಾಳೆಯೋಲೆಯಿಂದ ಎತ್ತಿ 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದಾರಿಗಳ ಅಗಲವಿದೆ. ದಾರಿ ಕಟ್ಟಿದವನಿಗೆ ದಂಡವೂ ಇದೆ. ಸಣ್ಣ ಪಶುಗಳೂ ಮನುಷ್ಯರೂ ನಡೆಯುವ ದಾರಿಗೆ ಅಡ್ಡ ಮಾಡಿದವನಿಗೆ 12 ಪಣ, ದೊಡ್ಡ ಪಶುಗಳ ದಾರಿಗೆ ಅಡ್ಡ ಮಾಡಿದವನಿಗೆ 24 ಪಣ. ಮನುಷ್ಯನ ದಾರಿ ಎತ್ತಿನ ದಾರಿಗಿಂತ ಅಗ್ಗವಾಯಿತಲ್ಲ ಎಂದು ಓದುಗರು ನಗಬಹುದು. ಆದರೂ ನಡೆಯುವವನ ದಾರಿಗೆ ಒಂದು ಬೆಲೆಯುಂಟು ಎಂದು ಕೌಟಿಲ್ಯನು ಲೆಕ್ಕದಲ್ಲಿ ಬರೆದಿಟ್ಟನು. ಅದು ಸಣ್ಣ ಮಾತಲ್ಲ.

ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಇನ್ನೂ ಸೊಗಸಾದ ಪಟ್ಟಿಯೊಂದಿದೆ. ಎದುರು ಬಂದಾಗ ಯಾರಿಗೆ ದಾರಿ ಬಿಡಬೇಕು? ಗಾಡಿಯಲ್ಲಿ ಬರುವವನಿಗೆ, ತೊಂಬತ್ತು ದಾಟಿದ ಮುದುಕನಿಗೆ, ರೋಗಿಗೆ, ಹೊರೆ ಹೊತ್ತವನಿಗೆ, ಹೆಂಗಸಿಗೆ, ಸ್ನಾತಕನಿಗೆ, ಅರಸನಿಗೆ, ಮದುವೆಯ ಗಂಡಿಗೆ. ಇವರೆಲ್ಲ ಒಮ್ಮೆಲೆ ಕೂಡಿದರೆ ಸ್ನಾತಕನಿಗೂ ಅರಸನಿಗೂ ಮುಂಗಡೆ. ಆ ಇಬ್ಬರೇ ಎದುರಾದರೆ ಅರಸನೇ ಸ್ನಾತಕನನ್ನು ಮನ್ನಿಸಬೇಕು! ಗುರುಕುಲದಲ್ಲಿ ಓದು ಮುಗಿಸಿ ಮಿಂದು ಬಂದವನು ಸ್ನಾತಕ. ಇಂದು ನಮ್ಮ ವಿದ್ಯಾಪೀಠಗಳು ಬಿ.ಎ., ಬಿ.ಎಸ್‌ಸಿ. ಆದವರಿಗೆ ಕೊಡುವ ಹೆಸರೂ ಅದೇ. ಹೆಸರು ಉಳಿಯಿತು, ದಾರಿ ಹೋಯಿತು. ಇಂದಿನ ಸ್ನಾತಕನು ಅಧಿಕಾರಿಗಳ ಕಾರು ಹಿಂದೆ ಸರಿಯುವವರೆಗೆ ಗೋಡೆಗೆ ಒತ್ತಿ ನಿಲ್ಲುತ್ತಾನೆ.

ಹೊರನಾಡುಗಳ ಇತಿಹಾಸದಲ್ಲಿಯೂ ಇದೇ ಜಗಳ. ಅಸ್ಸೀರಿಯದ ಅರಸ ಸೆನ್ನಾಕೆರಿಬನು ಕ್ರಿಸ್ತಪೂರ್ವ ಏಳನೆಯ ಶತಮಾನದ ಹೊತ್ತಿಗೆ ನಿನೆವೆ ಪಟ್ಟಣದ ರಾಜಬೀದಿಯನ್ನು ಅಗಲಿಸಿ, ಅದನ್ನು ಯಾರೂ ಕಿರಿದು ಮಾಡಬಾರದೆಂದು ಕಲ್ಲು ನೆಡಿಸಿದನು. ಜಗತ್ತಿನ ಮೊದಲನೆಯ ‘ಗಾಡಿ ನಿಲ್ಲಿಸಬಾರದು’ ಹಲಗೆ ಇದೆಂದು ಕೆಲವರು ಬರೆಯುತ್ತಾರೆ. ಅದು ಪೂರ್ತಿ ಸರಿಯಲ್ಲ. ಶಾಸನದ ಕೋಪ ಬೀದಿಯನ್ನು ಒತ್ತಿ ಮನೆ ಕಟ್ಟುವವರ ಮೇಲೆ, ರಥಗಳ ಮೇಲಲ್ಲ. ರೋಮಿನಲ್ಲಿ ಮಾತ್ರ ಸಂಗತಿ ಸ್ಪಷ್ಟ. ಕ್ರಿಸ್ತಪೂರ್ವ 45ರ ಹೊತ್ತಿಗೆ ಜೂಲಿಯಸ್ ಸೀಸರನ ಹೆಸರಿನ ಕಾಯಿದೆಯು ಸೂರ್ಯೋದಯದಿಂದ ಹಗಲಿನ ಹತ್ತನೆಯ ತಾಸಿನವರೆಗೆ ಸರಕಿನ ಗಾಡಿಗಳು ನಗರದೊಳಗೆ ಬರಕೂಡದೆಂದು ವಿಧಿಸಿತು. ಹಗಲು ನಡೆಯುವವರಿಗೆ, ಇರುಳು ಗಾಡಿಗಳಿಗೆ. ನಿದ್ದೆ ಮಾತ್ರ ಯಾರಿಗೂ ಇಲ್ಲ!

ನಮ್ಮ ದೇಶಕ್ಕೆ ಮೋಟಾರು ಬಂದ ಮೇಲೆ ಕಾಯಿದೆಗಳೂ ಬಂದವು. 1914ರ ಮೋಟಾರು ವಾಹನ ಕಾಯಿದೆಯ ಮುಖ್ಯ ಚಿಂತೆ ಓಡುವ ಗಾಡಿಯದು: ನೋಂದಣಿ, ಪರವಾನಿಗೆ, ವೇಗ. 1939ರ ಕಾಯಿದೆಯಲ್ಲಿ ನಿಲ್ಲುವ ಗಾಡಿಗೂ ಒಂದು ಕಲಮು ದೊರೆಯಿತು. ವಾಹನಗಳು ನಿಲ್ಲುವ ತಾಣಗಳನ್ನು ಗೊತ್ತುಮಾಡುವ ಅಧಿಕಾರ ಸರಕಾರಕ್ಕೆ ಬಂತು. ಆಗ ಬೈಲಹೊಂಗಲ, ಕಿತ್ತೂರುಗಳು ಸಂಪಗಾಂವ ತಾಲೂಕಿನಲ್ಲಿ, ಸವದತ್ತಿಯು ಪರಸಗಡ ತಾಲೂಕಿನಲ್ಲಿ, ಮುಂಬಯಿ ಇಲಾಖೆಗೆ ಸೇರಿದ್ದವು. ರಾಮದುರ್ಗವು ಭಾವೆ ಮನೆತನದ ಸಂಸ್ಥಾನ. ಆದ್ದರಿಂದ ಬ್ರಿಟಿಷ್ ಹಿಂದುಸ್ಥಾನದ ಕಾಯಿದೆ ರಾಮದುರ್ಗದ ಹದ್ದಿನಲ್ಲಿ ತಾನಾಗಿ ನಡೆಯುವಂತಿರಲಿಲ್ಲ. ಆ 1939ನೆಯ ಇಸವಿ ರಾಮದುರ್ಗದ ಜನಕ್ಕೆ ನೆನಪಿರುವುದು ಏಪ್ರಿಲ್ ತಿಂಗಳ ಪ್ರಜೆಗಳ ದಂಗೆಗಾಗಿ, ಮೋಟಾರು ಕಾಯಿದೆಗಾಗಿ ಅಲ್ಲ. 1948ರಲ್ಲಿ ಸಂಸ್ಥಾನವು ವಿಲೀನವಾದ ಮೇಲೆ ಎಲ್ಲ ದಾರಿಗಳೂ ಒಂದೇ ಕಾನೂನಿಗೆ ಬಂದವು. 1988ರ ಕಾಯಿದೆಯ 117ನೆಯ ಕಲಮು ಹಳೆಯ ಅಧಿಕಾರವನ್ನೇ ಮುಂದುವರಿಸಿತು. 2017ರ ಚಾಲನಾ ನಿಯಮಗಳು ಕಾಲುದಾರಿಯ ಮೇಲೆ, ಬಸ್ ನಿಲ್ದಾಣದ ಹತ್ತಿರ, ಶಾಲೆ ಆಸ್ಪತ್ರೆಗಳ ಬಾಗಿಲಲ್ಲಿ, ಅಂಗವಿಕಲರಿಗೆ ಮೀಸಲಾದ ಎಡೆಯಲ್ಲಿ ಗಾಡಿ ನಿಲ್ಲಿಸಬಾರದೆಂದು ಬಿಡಿಸಿ ಹೇಳಿದವು. ಎಲ್ಲಮ್ಮನ ಗುಡ್ಡದ ಹಿರಿಯರು ಹೇಳುತ್ತಿದ್ದುದನ್ನೇ ಸರಕಾರ ಗೆಜೆಟ್ಟಿನಲ್ಲಿ ಹೇಳಿತು ಎನ್ನಬಹುದು.

ವಿದ್ಯಾಪೀಠದ ಆವರಣದ ಸಂಗತಿ ಬೇರೆ. ಅದರ ನೆಲ ಪುರಸಭೆಯದಲ್ಲ; ಒಳಗಿನ ದಾರಿ, ಗಿಡ, ಗೇಟು ಎಲ್ಲದರ ಆಡಳಿತ ಸಂಸ್ಥೆಯದೇ. ಅಂದ ಮೇಲೆ ಆವರಣದಲ್ಲಿ ಗಾಡಿ ನಿಲ್ಲುವ ಕ್ರಮವು ಆ ಸಂಸ್ಥೆಯ ಮನಸ್ಸಿನ ಕನ್ನಡಿ. ನಮ್ಮ ನಾಲ್ಕೂ ಊರುಗಳ ಕಾಲೇಜುಗಳು ಬಹುಕಾಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ, 1950ರಲ್ಲಿ ಧಾರವಾಡಕ್ಕೆ ಬಂದ ಆ ವಿದ್ಯಾಪೀಠವು ಊರ ಹೊರಗಿನ ಗುಡ್ಡದ ಮೇಲೆ ನೆಲೆಗೊಂಡದ್ದು ಡಿ. ಸಿ. ಪಾವಟೆಯವರು ಉಪಕುಲಪತಿಗಳಾಗಿದ್ದ 1954ರಿಂದ 1967ರ ಅವಧಿಯಲ್ಲಿ. ಇಂದು ಆ ಬಡಾವಣೆಗೆ ಅವರದೇ ಹೆಸರು. ನಮ್ಮ ಜಿಲ್ಲೆಯ ಗೋಕಾಕ ತಾಲೂಕಿನ ಮಮದಾಪುರದವರಾದ ಪಾವಟೆಯವರು ಕೇಂಬ್ರಿಜ್ಜಿನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಎನಿಸಿದವರು. ಅಷ್ಟು ವಿಶಾಲವಾದ ನೆಲವನ್ನು ಹಿಡಿದಾಗ ಹಿಡಿದವರ ಕಣ್ಣಮುಂದೆ ಇದ್ದದ್ದು ಮುಂದೆ ಬರುವ ವಿಭಾಗಗಳು, ಗ್ರಂಥಾಲಯ, ವಿದ್ಯಾರ್ಥಿನಿಲಯಗಳು; ಕಾರುಗಳಲ್ಲ. ಪ್ರಾಧ್ಯಾಪಕರಲ್ಲಿಯೇ ಕಾರುಳ್ಳವರು ಬೆರಳೆಣಿಕೆಯಷ್ಟಿದ್ದ ಕಾಲ ಅದು. ವಿದ್ಯಾರ್ಥಿಯ ಐಶ್ವರ್ಯವೆಂದರೆ ಸೈಕಲ್ಲು.

ಪಾವಟೆಯವರು ಓದಿದ ಆ ಕೇಂಬ್ರಿಜ್ಜಿನಲ್ಲಿ ಈ ಬಗೆಗೆ ಹಳೆಯ ಕಟ್ಟಳೆಯೊಂದಿದೆ. ಊರ ನಡುವಿನ ಸೇಂಟ್ ಮೇರಿ ಚರ್ಚಿನಿಂದ 10 ಮೈಲಿಯ ಒಳಗೆ ಮೋಟಾರು ಇಟ್ಟುಕೊಳ್ಳಬೇಕಾದ ವಿದ್ಯಾರ್ಥಿಯು ವಿದ್ಯಾಪೀಠದ ಅಪ್ಪಣೆ ಪಡೆಯಬೇಕು. ಅದನ್ನು ನೋಡಿಕೊಳ್ಳಲಿಕ್ಕೆಂದೇ ಮೋಟಾರು ಪ್ರಾಕ್ಟರ್ ಎಂಬ ಅಧಿಕಾರಿ. ಅಮೇರಿಕೆಯದು ಇದಕ್ಕೆ ತದ್ವಿರುದ್ಧ. ಅಲ್ಲಿ ವಿದ್ಯಾರ್ಥಿಗೂ ಕಾರು ಬಂತು, ಜಾಗ ಸಾಲದಾಯಿತು. ಓಕ್ಲಹೋಮ ನಗರದಲ್ಲಿ 1935ರ ಜುಲೈ 16ರಂದು ಕಾಸು ನುಂಗಿ ಗಾಡಿ ನಿಲ್ಲಿಸಗೊಡುವ ಮೀಟರ್ ಯಂತ್ರ ಮೊದಲು ನಿಂತಿತು. ಕ್ಯಾಲಿಫೋರ್ನಿಯಾ ವಿದ್ಯಾಪೀಠದ ಮುಖ್ಯಸ್ಥರಾಗಿದ್ದ ಕ್ಲಾರ್ಕ್ ಕೆರ್ ಎಂಬ ಪ್ರಸಿದ್ಧ ಶಿಕ್ಷಣತಜ್ಞರು, ಅಧ್ಯಾಪಕ ವರ್ಗವನ್ನು ತೃಪ್ತಿಪಡಿಸಬೇಕಾದರೆ ಕಾರು ನಿಲ್ಲಿಸಲು ಜಾಗ ಕೊಡಬೇಕೆಂದು 1950ರ ದಶಕದಲ್ಲಿಯೇ ವಿನೋದವಾಡಿದ್ದರು. ಅದೇ ವಿದ್ಯಾಪೀಠದ ಬರ್ಕ್ಲಿ ಆವರಣದಲ್ಲಿ ನೊಬೆಲ್ ಪ್ರಶಸ್ತಿ ಪಡೆದವರಿಗೆ ಸಿಗುವ ದೊಡ್ಡ ಗೌರವವೆಂದರೆ ಕಾರು ನಿಲ್ಲಿಸಲು ಒಂದು ಮೀಸಲು ಎಡೆ. ಮನುವಿನ ಸ್ನಾತಕನಿಗೆ ಅರಸನು ದಾರಿ ಬಿಟ್ಟದ್ದನ್ನು ಇದರೊಡನೆ ಹೋಲಿಸಿದರೆ ಕಾಲ ಎಷ್ಟು ತಿರುಗಿದೆ ಎಂಬುದು ಗೊತ್ತಾದೀತು. ಅಂದು ವಿದ್ವಾಂಸನ ಪುರಸ್ಕಾರ ನಡೆಯುವ ದಾರಿ. ಇಂದು ನಿಲ್ಲುವ ಜಾಗ.

ಅಮೇರಿಕೆಯ ಇನ್ನೊಬ್ಬ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ತಮ್ಮ ಬಾಳಿನ ಬಹುಭಾಗವನ್ನು ನಿಂತ ಕಾರಿನ ಅರ್ಥಶಾಸ್ತ್ರಕ್ಕೇ ಕೊಟ್ಟರು. 2005ರಲ್ಲಿ ಬಂದ ಅವರ ದೊಡ್ಡ ಗ್ರಂಥದ ತಿರುಳು ಇಷ್ಟೇ: ಕಾರು ನೂರರಲ್ಲಿ ತೊಂಬತ್ತೈದು ಪಾಲು ವೇಳೆ ನಿಂತೇ ಇರುತ್ತದೆ, ಅದಕ್ಕೆ ಪುಕ್ಕಟೆಯಾಗಿ ಕೊಟ್ಟ ಜಾಗ ಪುಕ್ಕಟೆಯಲ್ಲ, ಅದರ ಬೆಲೆಯನ್ನು ಕಾರಿಲ್ಲದವರೂ ಕೂಡಿ ಕೊಡುತ್ತಾರೆ. ಈ ಮಾತನ್ನು ನಮ್ಮ ನೆಲಕ್ಕೆ ಹಚ್ಚಿ ನೋಡೋಣ. ನಮ್ಮ ದೇಶದ ನಗರ ಯೋಜಕರು ಬಯಲಿನಲ್ಲಿ ಒಂದು ಕಾರು ನಿಂತು, ಹೊರಳಿ, ಹೊರಗೆ ಬರಲಿಕ್ಕೆ 23 ಚದರ ಮೀಟರು ಹಿಡಿಯುತ್ತಾರೆ. ಒಂದು ಸ್ಕೂಟರಿಗೆ 3. ಒಂದು ಸೈಕಲ್ಲಿಗೆ 1.4. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 60 ವಿದ್ಯಾರ್ಥಿಗಳ ತರಗತಿಗೆ ಹೇಳುತ್ತ ಬಂದ ಅಳತೆ 66 ಚದರ ಮೀಟರು. ಅಂದರೆ ಮೂರು ಕಾರುಗಳು ನಿಲ್ಲುವ ನೆಲದಲ್ಲಿ ಅರವತ್ತು ಹುಡುಗರು ಕೂತು ಪಂಪನನ್ನು ಕೇಳಬಹುದು. ಆ ಮೂರು ಕಾರುಗಳಲ್ಲಿ ಒಂದು ನನ್ನಂಥವನದೇ ಆಗಿದ್ದರೂ ಲೆಕ್ಕ ಬದಲಾಗುವುದಿಲ್ಲ.

ಇದರಲ್ಲಿ ನಷ್ಟಪಡುವವರು ಯಾರು? ನಮ್ಮ ತಾಲೂಕುಗಳ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಬರುವುದು ಬಸ್ಸಿನಲ್ಲಿ. ಮುಂಜಾನೆ ಎದ್ದು, ರೊಟ್ಟಿಯ ಗಂಟು ಕಟ್ಟಿಕೊಂಡು, ಪಾಸು ತೋರಿಸಿ, ನಿಂತೇ ಪ್ರಯಾಣ ಮಾಡಿ, ಗೇಟಿನ ಹೊರಗೆ ಇಳಿದು ಒಳಗೆ ನಡೆಯುತ್ತಾರೆ. ಅವರು ಆವರಣದಲ್ಲಿ ಒಂದು ಅಂಗುಲ ನೆಲವನ್ನೂ ಗಾಡಿಗಾಗಿ ಬೇಡುವುದಿಲ್ಲ. ಹಾಗೆ ಬೇಡದ ಕಾರಣಕ್ಕೇ ಅವರ ಪಾಲಿನ ನೆರಳು, ಅವರ ಪಾಲಿನ ಕಾಲುದಾರಿ ಬೇರೆಯವರಿಗೆ ಹೋಗುತ್ತದೆ. ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಒಂದು ವಿದ್ಯಾಸಂಸ್ಥೆಗೆ ಹೋದಾಗ ನಾನು ಕಂಡದ್ದನ್ನು ಹೇಳುತ್ತೇನೆ. ಅಲ್ಲಿ ಮೆಟ್ಟಿಲಿನ ಪಕ್ಕಕ್ಕೆ ಗಾಲಿಕುರ್ಚಿ ಏರಲಿಕ್ಕೆಂದು ಚೊಕ್ಕವಾದ ಇಳಿಜಾರು ಕಟ್ಟಿದ್ದರು. ಅದರ ಬಾಯಿಗೆ ಸರಿಯಾಗಿ ಹುದ್ದೆಯ ಹಲಗೆ ಹೊತ್ತ ಒಂದು ಕಾರು ನಿಂತಿತ್ತು. ಪರೀಕ್ಷೆಯ ಕೆಲಸಕ್ಕೆ ಬಂದಿದ್ದ, ಕಾಲು ನಡೆಯದ ಒಬ್ಬ ಹುಡುಗಿಯನ್ನು ಇಬ್ಬರು ಗೆಳತಿಯರು ಕುರ್ಚಿಸಹಿತ ಎತ್ತಿ ಮೆಟ್ಟಿಲು ಏರಿಸಿದರು. ಯಾರೂ ಜಗಳ ತೆಗೆಯಲಿಲ್ಲ. ಕಾವಲುಗಾರನು ಕಾರಿಗೂ ಒಂದು ಸಲಾಮು ಮಾಡಿ ಸುಮ್ಮನಾದನು. ಇಳಿಜಾರಿಗೆ ಹಣ ಕೊಟ್ಟ ಕಾಯಿದೆ ಅಲ್ಲಿತ್ತು. ‘ಮೂಕಿ ದಾರೀಗೆ ಬರಬಾರದು’ ಎನ್ನುವ ಹಿರಿಯರು ಇರಲಿಲ್ಲ.

ಕೆಲವು ಕಡೆ ಬೆಲೆ ಇದಕ್ಕಿಂತ ದೊಡ್ಡದಾಗಿದೆ. 2015ರ ಆಗಸ್ಟಿನಲ್ಲಿ ತಿರುವನಂತಪುರದ ಒಂದು ಇಂಜಿನಿಯರಿಂಗ್ ಕಾಲೇಜಿನ ಆವರಣದೊಳಗೆ ಓಣಂ ಉತ್ಸಾಹದಲ್ಲಿ ಓಡಿಸಿದ ಜೀಪಿಗೆ ಸಿಕ್ಕಿ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಅದೇ ವರ್ಷ ಕೇರಳ ಸರಕಾರವು ವಿದ್ಯಾರ್ಥಿಗಳ ವಾಹನಗಳು ಗೇಟಿನ ಸಮೀಪದ ನಿಲುಗಡೆಯಿಂದ ಒಳಗೆ ಬರಬಾರದೆಂದು ಕಟ್ಟಪ್ಪಣೆ ಮಾಡಿತು. ಅಪ್ಪಣೆ ಸರಿಯಾದುದೇ. ಆದರೆ ವಿದ್ಯಾರ್ಥಿಯ ಗಾಡಿ ಗೇಟಿನಲ್ಲಿ, ಅಧಿಕಾರಿಯ ಗಾಡಿ ಬಾಗಿಲಲ್ಲಿ ಎಂದಾದರೆ ಆ ಕಟ್ಟಳೆ ಅರ್ಧವೇ ಆದೀತು. ಗಾಲಿಗೆ ಹುದ್ದೆ ತಿಳಿಯುವುದಿಲ್ಲ.

2010ರಲ್ಲಿ ನಮ್ಮ ಜಿಲ್ಲೆಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. ನಾಲ್ಕೂ ಊರುಗಳ ಕಾಲೇಜುಗಳು ಅದಕ್ಕೆ ಸೇರಿದವು. ಭೂತರಾಮನಹಟ್ಟಿಯ ಹೆದ್ದಾರಿಯ ಬದಿಯಲ್ಲಿ ಆರಂಭವಾದ ಅದಕ್ಕೆ ಹೊಸ ಆವರಣದ ಜಾಗ ಗೊತ್ತಾದದ್ದು ಹಿರೇಬಾಗೇವಾಡಿಯ ಹತ್ತಿರ, ಬೈಲಹೊಂಗಲಕ್ಕೂ ಕಿತ್ತೂರಿಗೂ ದಾರಿ ಹೋಗುವ ಕಡೆ. ಬೋಳುನೆಲದ ಮೇಲೆ ಹೊಸದಾಗಿ ಆವರಣ ಕಟ್ಟುವ ಅವಕಾಶ ಒಂದು ತಲೆಮಾರಿಗೆ ಒಮ್ಮೆ ಬರುವಂಥದು. ಅದನ್ನು ಕಟ್ಟುವವರು ಪಟ್ಟಣದ ಮಾಲುಗಳನ್ನು ನೋಡುವ ಬದಲು ಒಮ್ಮೆ ಎಲ್ಲಮ್ಮನ ಗುಡ್ಡದ ಹಳೆಯ ಕ್ರಮವನ್ನು ನೆನೆಯಲಿ ಎಂದು ನನ್ನ ಆಸೆ. ಬಸ್ಸು ಆವರಣದ ನಡುವಿನವರೆಗೆ ಬರಲಿ; ಕಾರುಗಳು, ಎಲ್ಲರ ಕಾರುಗಳು, ಅಂಚಿನಲ್ಲಿ ಬೇವಿನ ಸಾಲಿನ ಕೆಳಗೆ ನಿಲ್ಲಲಿ. ಬಾಗಿಲ ಹತ್ತಿರದ ಎಡೆ ಅಂಗವಿಕಲರಿಗೆ, ರೋಗಿಗೆ, ಬಸುರಿಗೆ, ಹೊರೆ ತಂದ ಗಾಡಿಗೆ. ಸೈಕಲ್ಲಿಗೆ ಪುಕ್ಕಟೆ, ಕಾರಿಗೆ ಬಾಡಿಗೆ, ಆ ಬಾಡಿಗೆಯಿಂದ ನೆರಳಿನ ಗಿಡ, ಕಾಲುದಾರಿ, ಗೇಟಿನಿಂದ ವಿಭಾಗದವರೆಗೆ ಒಂದು ಸಣ್ಣ ಬಸ್ಸು. ಇಡೀ ಆವರಣದಲ್ಲಿ ಆಂಬುಲೆನ್ಸಿಗೂ ಬೆಂಕಿ ಆರಿಸುವ ಗಾಡಿಗೂ ಒಂದು ಹಾದಿ ಯಾವಾಗಲೂ ಬಿಡುವಾಗಿರಲಿ.

ಇದರಲ್ಲಿ ಹೊಸದೇನೂ ಇಲ್ಲವೆಂದು ಓದುಗರು ಹೇಳಿದರೆ ನನಗೆ ಸಂತೋಷವೇ. ಕೌಟಿಲ್ಯನು ದಂಡದಿಂದ ಹೇಳಿದ್ದು, ಮನು ಮರ್ಯಾದೆಯಿಂದ ಹೇಳಿದ್ದು, ನಮ್ಮ ಸಾಲಿನ ಹಿರಿಯರು ‘ತಮ್ಮಾ’ ಎಂದು ಕರೆದು ಹೇಳಿದ್ದು, ಎಲ್ಲವೂ ಒಂದೇ: ನಡೆಯುವವನಿಗೆ ಮೊದಲು ದಾರಿ, ಆಮೇಲೆ ಗಾಡಿಗೆ ಜಾಗ. ಬೀಡು ಬಿಡಲಿಕ್ಕೆ ತಿಳಿದ ಜನ ನಾವು. ನೊಗ ಹೋಗಿ ಸ್ಟೀರಿಂಗು ಬಂದ ಮಾತ್ರಕ್ಕೆ ಆ ತಿಳಿವಳಿಕೆ ಹೋಗಬೇಕೆಂದು ಎಲ್ಲಿಯೂ ಬರೆದಿಲ್ಲ.